ಹೈಸ್ಕೂಲ್ ಮಕ್ಕಳಿಗೆ ಗಣಿತ ಹಿಡಿಸುವಂತೆ ಮಾಡುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಗಣಿತ ಮೇಳ ಮಾಡಿದ್ದಾಯಿತು, ಒಗಟು ಕೇಳಿದ್ದಾಯಿತು, ಮೊಬೈಲಿನಲ್ಲಿ ವಿಡಿಯೊ ತೋರಿಸಿದ್ದೂ ಆಯಿತು. ಆ ದಿನ ಮಕ್ಕಳು ಖುಷಿಯಾಗಿಯೇ ಇರುತ್ತಾರೆ. ಮಾರನೆಯ ದಿನ ಬಹುಪದೋಕ್ತಿ ಪಾಠ ತೆಗೆದರೆ ಮತ್ತೆ ಅದೇ ಬಾಡಿದ ಮುಖ. ಎಂಟು, ಒಂಬತ್ತು, ಹತ್ತನೇ ತರಗತಿಗೆ ಗಣಿತ ಹೇಳಿಕೊಡುವ ಬಹಳ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ಮನೆಯಲ್ಲಿ ಕೂರಿಸಿಕೊಂಡು ಕಲಿಸುವ ಅಪ್ಪ ಅಮ್ಮಂದಿರ ಪಾಡೂ ಇದೇ.

ಇವರೆಲ್ಲ ಕಡಿಮೆ ಕಷ್ಟಪಟ್ಟಿದ್ದಾರೆ ಅಂತಲ್ಲ. ಹಂತಗಳ ಕ್ರಮ ತಪ್ಪಿದೆ ಅಷ್ಟೇ. ಆಸಕ್ತಿ ಮೊದಲು ಬರಲಿ, ಲೆಕ್ಕ ಆಮೇಲೆ ತಾನಾಗಿ ಬರುತ್ತದೆ ಎಂದು ನಂಬಿ ಶುರು ಮಾಡುತ್ತಾರೆ. ಆದರೆ ಆರನೇ ತರಗತಿಯ ಭಿನ್ನರಾಶಿ ಅರ್ಥವಾಗದ ಹುಡುಗನಿಗೆ ಹತ್ತನೇ ತರಗತಿಯ ಪುಸ್ತಕ ಎಷ್ಟು ಬಣ್ಣ ಹಚ್ಚಿ ಕೊಟ್ಟರೂ ಓದಲು ಬರುವುದಿಲ್ಲ. ‘ಅರೆ, ಇದು ನನಗೆ ಬಂತು’ ಎಂದು ಒಂದು ಸಲ ಅನ್ನಿಸಬೇಕು. ಆಸಕ್ತಿ ಹುಟ್ಟುವುದು ಅಲ್ಲಿಂದ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ವಾರಕ್ಕೆ ಒಂದೆರಡು ಪೀರಿಯಡ್ ಮೀಸಲಿಟ್ಟರೂ ಸಾಕು, ನಡುವೆ ಮಾತ್ರ ಬಿಡಬೇಡಿ.

ಮೊದಲು ಇವನ್ನು ಹೊಂದಿಸಿಕೊಳ್ಳಿ

ದುಡ್ಡು ಖರ್ಚು ಮಾಡುವ ಕಿಟ್ ಏನೂ ಬೇಡ. ಒಂದು ಬದಿ ಖಾಲಿ ಇರುವ ಹಾಳೆಗಳು, ಕತ್ತರಿ, ಎರಡು ಬಣ್ಣದ ಅಂಗಿ ಗುಂಡಿಗಳು, ಅಳತೆ ಟೇಪು, ಉದ್ದದ ಹಗ್ಗ, ದೊಡ್ಡ ಕೋನಮಾಪಕ, ಸ್ಟ್ರಾ, ದಾರ, ಭಾರಕ್ಕೆ ಒಂದು ಕಬ್ಬಿಣದ ನಟ್ಟು, ನಾಲ್ಕು ಕವಡೆ ಅಥವಾ ಒಂದು ಮುಖ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜ. ಇಷ್ಟು ಸಾಕು.

ಇದರ ಜೊತೆಗೆ ಪ್ರತಿಯೊಬ್ಬರಿಗೂ ಒಂದು ರಫ್ ನೋಟ್‌ಬುಕ್ ಇರಲಿ. ಅದಕ್ಕೆ ಯಾರೂ ಮಾರ್ಕ್ಸ್ ಹಾಕಬಾರದು, ಅದರಲ್ಲಿ ಏನನ್ನೂ ಅಳಿಸಬಾರದು. ತಪ್ಪಾದರೆ ಒಂದು ಗೆರೆ ಎಳೆದು ಕೆಳಗೆ ಮತ್ತೆ ಮಾಡಲಿ. ಮಗು ಎಲ್ಲಿ ಎಡವಿತು ಎಂದು ನಿಮಗೆ ಗೊತ್ತಾಗುವುದು ಅಳಿಸದ ಹಾಳೆಯಿಂದಲೇ.

ಹಂತ 1: ಮಗು ಎಲ್ಲಿ ನಿಂತಿದೆ ಎಂದು ಹುಡುಕಿ

ಈ ಆರು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಇದು ಪರೀಕ್ಷೆಯಲ್ಲ ಎಂದು ಮೊದಲೇ ಹೇಳಿ.

1. 9 + 6 = ▢ + 5. ಚೌಕದಲ್ಲಿ ಯಾವ ಸಂಖ್ಯೆ?
2. 2.15 ಮತ್ತು 2.9, ಯಾವುದು ದೊಡ್ಡದು?
3. 1/2 + 1/3 ಎಷ್ಟು?
4. −7 + 3 ಎಷ್ಟು? −7 − 3 ಎಷ್ಟು?
5. 240ರಲ್ಲಿ ಶೇ 15 ಎಷ್ಟು?
6. ಒಂದು ಪೆನ್ನು, ಒಂದು ನೋಟ್‌ಬುಕ್ ಸೇರಿ 50 ರೂಪಾಯಿ. ನೋಟ್‌ಬುಕ್ಕಿಗೆ ಪೆನ್ನಿಗಿಂತ 30 ರೂಪಾಯಿ ಜಾಸ್ತಿ. ಪೆನ್ನಿನ ಬೆಲೆ ಎಷ್ಟು?

ಸರಿ ತಪ್ಪು ಎಣಿಸಬೇಡಿ, ತಪ್ಪು ಯಾವ ಥರದ್ದು ಎಂದು ನೋಡಿ. ಮೊದಲನೆಯದಕ್ಕೆ 15 ಎಂದು ಬರೆದ ಮಗು ‘=’ ಗುರುತನ್ನು ‘ಉತ್ತರ ಇಲ್ಲಿ ಬರೆ’ ಎಂದು ಓದುತ್ತಿದೆ. ಅದು ಸಮೀಕರಣ ಬಿಡಿಸಲು ಹೇಗೆ ಸಾಧ್ಯ? 2.15 ದೊಡ್ಡದು ಎಂದವರು ಚುಕ್ಕಿಯ ಆಚೆಗಿನದನ್ನು ಬರೀ 15 ಮತ್ತು 9 ಎಂದು ನೋಡಿದ್ದಾರೆ. ಮೂರನೆಯದಕ್ಕೆ 2/5 ಎಂದವರಿಗೆ ಭಿನ್ನರಾಶಿ ಎಂದರೆ ಮೇಲೊಂದು ಕೆಳಗೊಂದು ಸಂಖ್ಯೆ, ಅಷ್ಟೇ. −7 − 3ಕ್ಕೆ +10 ಬಂದರೆ ‘ಮೈನಸ್ ಮೈನಸ್ ಪ್ಲಸ್’ ಎಂಬ ಬಾಯಿಪಾಠ ಜಾಗ ತಪ್ಪಿ ಬಂದಿದೆ. ಪೆನ್ನಿಗೆ 20 ರೂಪಾಯಿ ಎಂದವರು ಎರಡು ಸಂಖ್ಯೆ ಕಂಡ ಕೂಡಲೇ ಕಳೆದುಬಿಟ್ಟಿದ್ದಾರೆ. ಸರಿ ಉತ್ತರ 10.

ಆಮೇಲೆ ಒಬ್ಬೊಬ್ಬರನ್ನೇ ಹತ್ತಿರ ಕರೆದು ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಇದು ಅಂದುಕೊಂಡಷ್ಟು ಸುಲಭವಲ್ಲ. ಮಗು ತಡವರಿಸಿದ ಕೂಡಲೇ ನಾವೇ ಉತ್ತರ ಹೇಳಿಬಿಡುತ್ತೇವೆ.

ಇಲ್ಲಿ ಆಗುವ ತಪ್ಪು: ಯಾರಿಗೆ ಎಷ್ಟು ಬಂತು ಎಂದು ತರಗತಿಯಲ್ಲಿ ಓದಿ ಹೇಳುವುದು. ಒಂದು ಸಲ ಹೀಗೆ ಮಾಡಿದರೆ ಮುಂದಿನ ಸಲ ಎಲ್ಲರೂ ಪಕ್ಕದವರದ್ದು ನೋಡಿ ಬರೆಯುತ್ತಾರೆ. ನಿಮಗೆ ಏನೂ ತಿಳಿಯುವುದಿಲ್ಲ.

ಹಂತ 2: ಮೂರು ಹಳೆಯ ಬಿರುಕುಗಳನ್ನು ಮುಚ್ಚಿ

ಹೆಚ್ಚಿನ ತರಗತಿಗಳಲ್ಲಿ ಮತ್ತೆ ಮತ್ತೆ ಸಿಗುವುದು ಮೂರೇ: ಸಮ ಚಿಹ್ನೆ, ಭಿನ್ನರಾಶಿ, ಋಣ ಸಂಖ್ಯೆ. ಹಿಂದಿನ ಪಾಠಗಳನ್ನೆಲ್ಲ ಮೊದಲಿನಿಂದ ಮಾಡಲು ಹೋಗಬೇಡಿ. ಸಮಯವೂ ಇರುವುದಿಲ್ಲ, ‘ನಮಗೆ ಚಿಕ್ಕ ಮಕ್ಕಳ ಪಾಠ ಮಾಡ್ತಿದ್ದಾರೆ’ ಎಂದು ಮಕ್ಕಳಿಗೂ ಬೇಸರವಾಗುತ್ತದೆ.

ಸಮ ಚಿಹ್ನೆಯನ್ನು ಕಿರಾಣಿ ಅಂಗಡಿಯ ತಕ್ಕಡಿಯಂತೆ ತೋರಿಸಿ. ಒಂದು ತಟ್ಟೆಯಲ್ಲಿ 9 + 6, ಇನ್ನೊಂದರಲ್ಲಿ 5 ಮತ್ತು ಮುಚ್ಚಿಟ್ಟ ಪೊಟ್ಟಣ. ಎರಡೂ ಕಡೆಯಿಂದ 5 ತೆಗೆದರೆ ಪೊಟ್ಟಣದಲ್ಲಿ 10 ಇದೆ ಎಂದು ಗೊತ್ತಾಗುತ್ತದೆ. ‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂಬ ನಿಯಮವನ್ನು ಆಮೇಲೆ ಹೇಳಿ. ಮೊದಲೇ ಹೇಳಿದರೆ ಗುಣಿಸಿದ ಸಂಖ್ಯೆಯನ್ನೂ ಚಿಹ್ನೆ ಬದಲಾಯಿಸಿ ಆಚೆ ಕಳಿಸುತ್ತಾರೆ.

ಭಿನ್ನರಾಶಿಗೆ ಉದ್ದನೆಯ ಕಾಗದದ ಪಟ್ಟಿ ಕತ್ತರಿಸಿಕೊಡಿ. ಮಡಚಿ ಅರ್ಧ, ಮೂರನೇ ಒಂದು, ಆರನೇ ಒಂದು ಗುರುತು ಮಾಡಿಸಿ. 1/2 + 1/3 = 2/5 ಎಂದು ಬರೆದವರಿಗೆ ‘ತಪ್ಪು’ ಎನ್ನುವ ಬದಲು ಹೀಗೆ ಕೇಳಿ: ‘2/5 ಅರ್ಧಕ್ಕಿಂತ ಜಾಸ್ತಿನಾ, ಕಡಿಮೆನಾ? ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ?’ ತನ್ನ ಉತ್ತರ ತಪ್ಪು ಎಂದು ಮಗು ತಾನೇ ಕಂಡುಕೊಳ್ಳುತ್ತದೆ. ಇನ್ನೊಬ್ಬರು ಹೇಳಿದ್ದಕ್ಕಿಂತ ಇದು ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಋಣ ಸಂಖ್ಯೆಗೆ ಗುಂಡಿಗಳು. ಕೆಂಪು ಗುಂಡಿ ಎಂದರೆ 1 ರೂಪಾಯಿ ಸಾಲ, ಬಿಳಿ ಗುಂಡಿ ಎಂದರೆ ಕೈಯಲ್ಲಿರುವ 1 ರೂಪಾಯಿ. ಒಂದು ಕೆಂಪು, ಒಂದು ಬಿಳಿ ಸೇರಿದರೆ ವಜಾ. 7 ಸಾಲ ಇರುವಾಗ ಇನ್ನೂ 3 ಸಾಲ ಮಾಡಿದರೆ 10 ಸಾಲ. 7 ಸಾಲದಲ್ಲಿ 3 ಸಾಲ ಮನ್ನಾ ಆದರೆ 4 ಉಳಿಯಿತು, ಅದೇ −7 − (−3) = −4. ಗುಣಾಕಾರಕ್ಕೆ ಬಂದಾಗ ಗುಂಡಿ ಬಿಟ್ಟು ಸಾಲಾಗಿ ಬರೆಸಿ: 3 × (−2) = −6, 2 × (−2) = −4, 1 × (−2) = −2, 0 × (−2) = 0. ಪ್ರತಿ ಸಾಲಿನಲ್ಲೂ 2 ಹೆಚ್ಚುತ್ತಿದೆ. ಮುಂದಿನ ಸಾಲು (−1) × (−2) ಏನಾಗಬೇಕು? 2 ಎಂದು ಮಕ್ಕಳೇ ಹೇಳುತ್ತಾರೆ.

ಎಚ್ಚರಿಕೆ: ಸಂಖ್ಯೆ ಬದಲಾಯಿಸಿ ಕೇಳಿದಾಗ ಮಗು ಗುಂಡಿ ಇಲ್ಲದೆಯೂ ಕಾರಣ ಹೇಳಬೇಕು. ಉತ್ತರ ಸರಿ ಬಂದರೂ ಕಾರಣ ಬಾರದಿದ್ದರೆ ಮುಂದಕ್ಕೆ ಹೋಗಬೇಡಿ.

ಹಂತ 3: ಮೊದಲು ಊಹೆ, ಆಮೇಲೆ ವಾದ, ಕೊನೆಗೆ ಲೆಕ್ಕ

ಬಿರುಕು ಸ್ವಲ್ಪ ಮುಚ್ಚಿದ ಮೇಲೆ ಸ್ವಾರಸ್ಯದ ಪ್ರಶ್ನೆ ತನ್ನಿ. ಒಳ್ಳೆಯ ಪ್ರಶ್ನೆಗೆ ಒಂದು ಗುಣ ಇರಬೇಕು: ಸೂತ್ರ ಗೊತ್ತಿಲ್ಲದವರೂ ಅದಕ್ಕೆ ಊಹೆ ಹೇಳುವಂತಿರಬೇಕು.

ಉದಾಹರಣೆಗೆ ಹೀಗೆ ಕೇಳಿ: ಒಂದು ಗುಂಟೆ ಜಾಗದಲ್ಲಿ 30×40 ಸೈಟು ಹಿಡಿಸುತ್ತಾ? ಕೈ ಎತ್ತಿಸಿ, ‘ಹೌದು’ ಎಷ್ಟು, ‘ಇಲ್ಲ’ ಎಷ್ಟು ಎಂದು ಬೋರ್ಡಿನ ಮೇಲೆ ಬರೆಯಿರಿ. ವಾದ ಮಾಡಲು ಬಿಡಿ. ಗುಂಟೆ ಎಂದರೆ 33 ಅಡಿ × 33 ಅಡಿ, 1089 ಚದರ ಅಡಿ. ಸೈಟು 1200 ಚದರ ಅಡಿ. 111 ಚದರ ಅಡಿ ಸಾಲದು. ಹಾಗಾದರೆ ಒಂದು ಎಕರೆಯಲ್ಲಿ ಇಂಥ ಎಷ್ಟು ಸೈಟು? 43,560ನ್ನು 1200ರಿಂದ ಭಾಗಿಸಿದರೆ 36 ದಾಟುತ್ತದೆ. ‘ರಸ್ತೆ ಬೇಡ್ವಾ ಸರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ಬಂತು ಎಂದರೆ ಪಾಠ ಗೆದ್ದಿತು. ರಸ್ತೆಯ ಅಗಲವನ್ನು ಅವರೇ ತೀರ್ಮಾನಿಸಿ ನಕ್ಷೆ ಬರೆಯಲಿ.

ಪಹಣಿಯ ಲೆಕ್ಕವೂ ಚೆನ್ನಾಗಿರುತ್ತದೆ. 1 ಎಕರೆ 25 ಗುಂಟೆಗೆ 2 ಎಕರೆ 30 ಗುಂಟೆ ಸೇರಿಸಿ ಎಂದರೆ ಹಲವರು 1.25 + 2.30 = 3.55 ಎಂದು ಬರೆಯುತ್ತಾರೆ. ಆದರೆ ಎಕರೆಗೆ 40 ಗುಂಟೆ, ಉತ್ತರ 4 ಎಕರೆ 15 ಗುಂಟೆ. ದಶಮಾಂಶದ ಚುಕ್ಕಿ ನಿಜಕ್ಕೂ ಏನು ಹೇಳುತ್ತದೆ ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಸಂಖ್ಯೆಗಳನ್ನು ನೀವೇ ಕೊಡಿ. ‘ನಿಮ್ಮ ಮನೆಯಲ್ಲಿ ಎಷ್ಟು ಎಕರೆ?’ ಎಂದು ಕೇಳಬೇಡಿ. ಜಮೀನಿಲ್ಲದ ಮನೆಯ ಮಗು ಅವತ್ತು ತಲೆ ತಗ್ಗಿಸಿ ಕೂರುತ್ತದೆ.

ಸಂಭವನೀಯತೆಗೆ ಚೌಕಾಬಾರ ಇದ್ದೇ ಇದೆ. ನಾಲ್ಕು ಕವಡೆ ಎಸೆದಾಗ ಎಷ್ಟು ಅಂಗಾತ ಬಿದ್ದವೋ ಅಷ್ಟು ಗರ. ಎಲ್ಲವೂ ಅಂಗಾತ ಬಿದ್ದರೆ 4, ಎಲ್ಲವೂ ಬೋರಲಾದರೆ ಮಾತ್ರ 8. ಯಾವ ಗರ ಹೆಚ್ಚು ಬೀಳುತ್ತದೆ ಎಂದು ಮೊದಲು ಊಹಿಸಲಿ. ಆಮೇಲೆ ಗುಂಪಿಗೆ 100 ಸಲ ಎಸೆದು ಗುರುತು ಹಾಕಲಿ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುವಂತಿದ್ದರೆ ಒಟ್ಟು 16 ಸಾಧ್ಯತೆಗಳು. ಅದರಲ್ಲಿ 2 ಬೀಳುವುದು ಆರರಲ್ಲಿ, 1 ಮತ್ತು 3 ನಾಲ್ಕು ನಾಲ್ಕರಲ್ಲಿ, 4 ಮತ್ತು 8 ಒಂದೊಂದರಲ್ಲಿ. ಎಸೆದು ಬರೆದ ಪಟ್ಟಿ ಇದಕ್ಕೆ ಹೊಂದದೇ ಹೋಗಬಹುದು, ಏಕೆಂದರೆ ಕವಡೆಯ ಎರಡು ಬದಿ ಒಂದೇ ಥರ ಇಲ್ಲ. ಹೊಂದದಿದ್ದರೆ ಬೇಸರ ಬೇಡ. ಏಕೆ ಹೊಂದಲಿಲ್ಲ ಎಂಬುದೇ ಮುಂದಿನ ಪಾಠ. ಹುಣಸೆ ಬೀಜದಲ್ಲಿ ಮತ್ತೆ ಎಸೆದು ಎರಡು ಪಟ್ಟಿಯನ್ನೂ ಹೋಲಿಸಿ ನೋಡಲಿ.

ಇಲ್ಲಿ ಆಗುವ ತಪ್ಪು: ಗುಂಪು ಮಾಡಿ ಜಾಣ ಹುಡುಗಿಯನ್ನೋ ಹುಡುಗನನ್ನೋ ಲೀಡರ್ ಮಾಡುವುದು. ಆ ಒಬ್ಬರೇ ಎಲ್ಲ ಮಾಡುತ್ತಾರೆ, ಉಳಿದವರು ನೋಡುತ್ತಾರೆ. ‘ಗುಂಪಿನಲ್ಲಿ ಯಾರನ್ನು ಬೇಕಾದರೂ ಬೋರ್ಡಿಗೆ ಕರೆಯುತ್ತೇನೆ’ ಎಂದು ಮೊದಲೇ ಹೇಳಿಬಿಡಿ. ಆಗ ಬಂದವರು ಬಾರದವರಿಗೆ ಹೇಳಿಕೊಡುತ್ತಾರೆ.

ಹಂತ 4: ಅಕ್ಷರ ಏಕೆ ಬೇಕು ಎಂದು ಅವರಿಗೇ ಅನ್ನಿಸಲಿ

ಬೀಜಗಣಿತದಲ್ಲಿ ಮಕ್ಕಳನ್ನು ನಾವು ಕಳೆದುಕೊಳ್ಳುವುದು ಮೊದಲ ದಿನವೇ. ‘ಒಂದು ಅಕ್ಷರ ಇಟ್ಟುಕೊಳ್ಳಿ’ ಎನ್ನುತ್ತೇವೆ, ಏಕೆ ಇಟ್ಟುಕೊಳ್ಳಬೇಕು ಎಂದು ಹೇಳುವುದಿಲ್ಲ. ಅಕ್ಷರವಿಲ್ಲದೆ ಬಿಡಿಸಲಾಗದ ಪ್ರಶ್ನೆ ಮೊದಲು ಬರಬೇಕು.

ಎಲ್ಲರೂ ಮೂರಂಕಿಯ ಒಂದು ಸಂಖ್ಯೆ ಬರೆಯಲಿ. ಮೊದಲ ಅಂಕಿ ಕೊನೆಯ ಅಂಕಿಗಿಂತ ಕನಿಷ್ಠ 2 ಹೆಚ್ಚಿರಲಿ. ಅದನ್ನು ತಿರುಗಿಸಿ ಬರೆದು ಕಳೆಯಲಿ. ಬಂದ ಉತ್ತರವನ್ನು ಮತ್ತೆ ತಿರುಗಿಸಿ ಕೂಡಲಿ. 732 ತೆಗೆದುಕೊಂಡರೆ 732 − 237 = 495, 495 + 594 = 1089. ಪಕ್ಕದವರಿಗೂ 1089. ಹಿಂದಿನ ಬೆಂಚಿಗೂ 1089! ತರಗತಿಯಲ್ಲಿ ಗದ್ದಲ ಆಗುತ್ತದೆ, ಆಗಲಿ.

ಕಾರಣವನ್ನು ಅವತ್ತೇ ಹೇಳಬೇಡಿ. ಮನೆಗೆ ತೆಗೆದುಕೊಂಡು ಹೋಗಲಿ. ಮರುದಿನ ‘ಎಷ್ಟು ಸಂಖ್ಯೆ ನೋಡಿದರೆ ಖಾತ್ರಿಯಾಗುತ್ತದೆ? ಹತ್ತು? ನೂರು?’ ಎಂದು ಕೇಳಿ. ಎಲ್ಲ ಸಂಖ್ಯೆಗಳ ಪರವಾಗಿ ಒಮ್ಮೆಲೇ ಮಾತಾಡಲು ಅಕ್ಷರ ಬೇಕು ಎಂದು ಆಗ ತೋರಿಸಿ. ಸಂಖ್ಯೆ 100ಎ + 10ಬಿ + ಸಿ. ತಿರುಗಿಸಿದರೆ 100ಸಿ + 10ಬಿ + ಎ. ಕಳೆದರೆ ನಡುವಿನ ಅಂಕಿ ವಜಾ ಆಗಿ 99(ಎ − ಸಿ) ಉಳಿಯುತ್ತದೆ. 99ರ ಗುಣಕಗಳನ್ನು ಬರೆಸಿ: 198, 297, 396, 495, 594, 693, 792, 891. ನಡುವೆ ಯಾವಾಗಲೂ 9, ಎರಡು ತುದಿ ಕೂಡಿದರೂ 9. ಇಂಥ ಸಂಖ್ಯೆಗೆ ಅದನ್ನೇ ತಿರುಗಿಸಿ ಕೂಡಿದರೆ ನೂರರ ಸ್ಥಾನದಿಂದ 900, ಹತ್ತರ ಸ್ಥಾನದಿಂದ 180, ಬಿಡಿಯಿಂದ 9. ಒಟ್ಟು 1089. ಒಂದು ಗುಂಟೆಯ ಚದರ ಅಡಿಯೂ ಇದೇ ಅಲ್ವಾ ಎಂದು ಯಾರಾದರೂ ಗುರುತಿಸಿದರೆ ಬೆನ್ನು ತಟ್ಟಿ. ಅದು ಕಾಕತಾಳೀಯ ಎಂದೂ ಹೇಳಿ.

ಬೇಗ ಮುಗಿಸಿದವರಿಗೆ ಮಹಾರಾಷ್ಟ್ರದ ದೇವಳಾಲಿಯ ಶಾಲಾ ಶಿಕ್ಷಕ ಡಿ.ಆರ್. ಕಾಪ್ರೇಕರ್ ಕಂಡುಹಿಡಿದ 6174 ಕೊಡಿ. ನಾಲ್ಕಂಕಿಯ ಸಂಖ್ಯೆ, ನಾಲ್ಕೂ ಅಂಕಿ ಒಂದೇ ಇರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು ಅದರಿಂದ ಏರಿಕೆ ಕ್ರಮದ್ದನ್ನು ಕಳೆಯುತ್ತಾ ಹೋದರೆ (ನಡುವೆ ಮೂರಂಕಿ ಬಂದರೆ ಮುಂದೆ 0 ಸೇರಿಸಿಕೊಂಡು) ಹೆಚ್ಚೆಂದರೆ ಏಳು ಸಲಕ್ಕೆ 6174 ಬರುತ್ತದೆ. 3524ಕ್ಕೆ ಮೂರೇ ಸಲ ಸಾಕು: 3087, 8352, 6174.

ಇದೇ ಹಂತದಲ್ಲಿ (ಎ + ಬಿ)² = ಎ² + ಬಿ² ಎಂಬ ಹಳೆಯ ತಪ್ಪನ್ನೂ ಸರಿಮಾಡಿ. 7 ಸೆಂ.ಮೀ. ಚೌಕ ಕತ್ತರಿಸಿ, ಎರಡು ಅಂಚಿನಲ್ಲೂ 5 ಮತ್ತು 2ಕ್ಕೆ ಗೆರೆ ಎಳೆಸಿ. 49ರಲ್ಲಿ 25 ಮತ್ತು 4 ಹೋದರೆ ಇನ್ನೂ 20 ಎಲ್ಲಿದೆ? 5×2ರ ಎರಡು ತುಂಡುಗಳು ಕೈಯಲ್ಲೇ ಇರುತ್ತವೆ.

ಹಂತ 5: ಹೊರಗೆ ಹೋಗಿ ಅಳೆಯಿರಿ

ಹಗ್ಗದ ಮೇಲೆ ಸಮ ಅಂತರದ 12 ಭಾಗ ಗುರುತು ಮಾಡಿ. ಗಂಟು ಹಾಕಬೇಡಿ, ಗಂಟು ಹಗ್ಗವನ್ನು ತಿನ್ನುತ್ತದೆ, ಅಂತರ ಕೆಡುತ್ತದೆ. ಬಣ್ಣದಲ್ಲಿ ಗುರುತು ಹಾಕಿ. ಮೂವರು ಮಕ್ಕಳು 3, 4, 5 ಭಾಗಕ್ಕೆ ಬಿಗಿಯಾಗಿ ಹಿಡಿದರೆ ಮೂಲೆ ನೇರವಾಗಿ ನಿಲ್ಲುತ್ತದೆ. ಕಟ್ಟಡದ ಮೇಸ್ತ್ರಿ ಪಾಯ ಗುರುತು ಮಾಡುವಾಗ ಒಂದು ಬದಿಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಅಳೆದು ಓರೆ 5 ಅಡಿ ಬರುತ್ತದಾ ಎಂದು ನೋಡುವುದು ಇದನ್ನೇ. 30×40 ಸೈಟಿನ ಓರೆ ಸರಿಯಾಗಿ 50 ಅಡಿ. ಹತ್ತಿರ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಮೇಸ್ತ್ರಿಯನ್ನು ಮಾತಾಡಿಸಿ. ಮೂಲೆಮಟ್ಟ ಇಟ್ಟು ಅವರು ತೋರಿಸುವ ಹತ್ತು ನಿಮಿಷ ಬಹಳ ಕೆಲಸ ಮಾಡುತ್ತದೆ. ವಾಪಸು ಬಂದ ಮೇಲೆ ಕೇಳಿ: ಬದಿಗಳು 4, 5, 6 ಆದರೆ 4 ಮತ್ತು 5ರ ನಡುವಿನ ಮೂಲೆ ಅಗಲವಾಗುತ್ತದಾ, ಕಿರಿದಾಗುತ್ತದಾ?

ಹತ್ತನೇ ತರಗತಿಗೆ ತೆಂಗಿನ ಮರದ ಎತ್ತರ. ಕೋನಮಾಪಕದ ನೇರ ಅಂಚಿಗೆ ಸ್ಟ್ರಾ ಅಂಟಿಸಿ, ನಡುಬಿಂದುವಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ. ಸ್ಟ್ರಾದಲ್ಲಿ ಮರದ ತುದಿ ನೋಡಿದಾಗ ದಾರ 90ರಿಂದ ಎಷ್ಟು ದೂರ ಸರಿದಿದೆಯೋ ಅದೇ ಉನ್ನತ ಕೋನ. ಮೊದಲ ದಿನ ಕೋಷ್ಟಕ ಬೇಡ. ಕೋನ 45° ಆಗುವವರೆಗೆ ಹಿಂದೆ ಹಿಂದೆ ನಡೆಯಲಿ. ಆಗ ಬುಡಕ್ಕೆ ಇರುವ ದೂರಕ್ಕೆ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ. ದೂರ 12 ಮೀಟರ್, ಕಣ್ಣು 1.5 ಮೀಟರ್ ಎತ್ತರದಲ್ಲಿದ್ದರೆ ಮರ 13.5 ಮೀಟರ್. 30°, 60° ಮಾಡುವುದು ಆಮೇಲೆ. ಅದೇ ಮರವನ್ನು ನೆರಳಿನಿಂದ, ಅಂದರೆ ಸಮರೂಪ ತ್ರಿಭುಜದಿಂದಲೂ ಅಳೆಯಿಸಿ. ಎರಡು ಉತ್ತರ ಸ್ವಲ್ಪ ಬೇರೆ ಬರುತ್ತವೆ. ಯಾವುದನ್ನು ನಂಬಬೇಕು ಎಂದು ಅವರೇ ಚರ್ಚೆ ಮಾಡಲಿ.

ಇಲ್ಲಿ ಆಗುವ ತಪ್ಪುಗಳು: ಕಣ್ಣಿನ ಎತ್ತರ ಸೇರಿಸಲು ಮರೆಯುವುದು, ಇಳಿಜಾರಿನಲ್ಲಿ ನಿಂತು ಅಳೆಯುವುದು, ದಾರ ಕೋನಮಾಪಕಕ್ಕೆ ಅಂಟಿಕೊಂಡಿದ್ದನ್ನು ಗಮನಿಸದಿರುವುದು. ಸ್ಟ್ರಾದಲ್ಲಿ ಸೂರ್ಯನ ಕಡೆ ನೋಡಬಾರದು ಎಂದು ಹೊರಡುವ ಮುಂಚೆಯೇ ಗಟ್ಟಿಯಾಗಿ ಹೇಳಿ.

ಹಂತ 6: ಈಗ ಪಠ್ಯಪುಸ್ತಕ, ಪರೀಕ್ಷೆ

ಇಲ್ಲಿಗೆ ಬಂದು ನಿಲ್ಲಿಸಿಬಿಟ್ಟರೆ ಹಿಂದಿನದೆಲ್ಲ ಆಟವಾಗಿ ಉಳಿಯುತ್ತದೆ. ಹೊರಗೆ ಮಾಡಿದ್ದನ್ನು ಅದೇ ವಾರ ಪುಸ್ತಕದ ಅಭ್ಯಾಸದ ಲೆಕ್ಕಕ್ಕೆ ಜೋಡಿಸಿ.

ಮಾತಿನ ಲೆಕ್ಕ ಬಂದಾಗ ಮೂರು ಕೆಲಸ ಮಾಡಿಸಿ. ಮೊದಲು ಪುಸ್ತಕ ಮುಚ್ಚಿ ಲೆಕ್ಕದ ಕಥೆಯನ್ನು ಮನೆಮಾತಿನಲ್ಲಿ ಹೇಳಲಿ. ಆಮೇಲೆ ಉತ್ತರ ಸುಮಾರು ಎಷ್ಟಿರಬಹುದು ಎಂದು ಬರೆಯಲಿ. ಕೊನೆಗೆ ಲೆಕ್ಕ. ‘ಯಾವ ಸೂತ್ರ ಹಾಕಬೇಕು?’ ಎಂಬ ಪ್ರಶ್ನೆ ಇದರಿಂದ ನಿಧಾನವಾಗಿ ಕಡಿಮೆಯಾಗುತ್ತದೆ.

ಒಂದೇ ಥರದ ಇಪ್ಪತ್ತು ಲೆಕ್ಕ ಹೋಮ್‌ವರ್ಕ್ ಕೊಡುವುದನ್ನು ಬಿಡಿ. ಐದು ಸಾಕು, ಆದರೆ ಬೇರೆ ಬೇರೆ ಪಾಠದವು ಇರಲಿ. ಒಂದು ಅರ್ಧ ಬಿಡಿಸಿದ್ದು, ಒಂದು ಬೇಕೆಂದೇ ತಪ್ಪು ಬಿಡಿಸಿದ್ದು. ತಪ್ಪು ಹುಡುಕುವ ಲೆಕ್ಕವನ್ನು ಮಕ್ಕಳು ಬಹಳ ಇಷ್ಟಪಟ್ಟು ಮಾಡುತ್ತಾರೆ.

ಎಸ್‌ಎಸ್‌ಎಲ್‌ಸಿಯಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಆ 20ಕ್ಕೆ ಅಂಗಡಿಯಲ್ಲಿ ಚಾರ್ಟ್ ಕೊಂಡು ತಂದು ಅಂಟಿಸುವ ಬದಲು ಮರದ ಎತ್ತರ, ಕವಡೆಯ ಪಟ್ಟಿ, ಸೈಟಿನ ನಕ್ಷೆಯನ್ನೇ ಚಟುವಟಿಕೆಯಾಗಿ ಬರೆಸಿ. ಮಕ್ಕಳೇ ಮಾಡಿದ್ದು, ಹಾಗಾಗಿ ಕೇಳಿದ ಪ್ರಶ್ನೆಗೆ ಉತ್ತರವೂ ಅವರಲ್ಲಿರುತ್ತದೆ.

ಜನವರಿಯಲ್ಲಿ ಕಣ್ಣು ಬಿಟ್ಟಿದ್ದರೆ ಎಲ್ಲ ಹಂತಕ್ಕೂ ಸಮಯವಿಲ್ಲ. ಹಂತ 1 ಮತ್ತು 2 ಬಿಡಬೇಡಿ. ಅದಾದ ಮೇಲೆ ಹಳೆಯ ಪಾಠಗಳ ಮೇಲೆ ಕಡಿಮೆ ನಿಂತಿರುವ ಸಂಖ್ಯಾಶಾಸ್ತ್ರ, ಸಂಭವನೀಯತೆ, ಸಮಾಂತರ ಶ್ರೇಢಿಯಿಂದ ಶುರು ಮಾಡಿ. ಅಲ್ಲಿ ಒಂದೆರಡು ಲೆಕ್ಕ ಸ್ವಂತವಾಗಿ ಬಂದರೆ ಉಳಿದ ಪಾಠಕ್ಕೆ ಧೈರ್ಯ ಬರುತ್ತದೆ.

ಈ ಲಕ್ಷಣ ಕಂಡರೆ ಹಿಂದಿನ ಹಂತಕ್ಕೆ ಹೋಗಿ

ನೋಟ್‌ಬುಕ್ ಬಹಳ ಅಂದವಾಗಿದೆ, ಆದರೆ ಲೆಕ್ಕದ ಸಂಖ್ಯೆ ಬದಲಾಯಿಸಿದರೆ ಮಗು ನಿಂತುಬಿಡುತ್ತದೆ. ಅದು ನಕಲು, ಹಂತ 2ಕ್ಕೆ ಹೋಗಿ. ‘ಕೂಡಬೇಕಾ, ಕಳೀಬೇಕಾ ಮಿಸ್?’ ಎಂದು ಕೇಳುತ್ತಿದ್ದರೆ ಕಥೆ ಅರ್ಥವಾಗಿಲ್ಲ, ಊಹೆ ಮಾಡಿಸುವ ಹಂತ 3 ಮತ್ತೆ ಬೇಕು. ಎಷ್ಟೇ ಪ್ರಶ್ನೆ ಕೇಳಿದರೂ ಅದೇ ನಾಲ್ಕು ಜನ ಕೈ ಎತ್ತುತ್ತಿದ್ದರೆ ಉಳಿದವರಿಗೆ ತಪ್ಪು ಹೇಳುವ ಭಯ ಇದೆ. ಕೈ ಎತ್ತಿಸುವುದನ್ನು ಸ್ವಲ್ಪ ದಿನ ಬಿಟ್ಟು ಎಲ್ಲರೂ ರಫ್ ನೋಟ್‌ಬುಕ್ಕಿನಲ್ಲಿ ಉತ್ತರ ಬರೆದು ತೋರಿಸಲಿ.

ಟೆಸ್ಟ್ ದಿನ ಮಾತ್ರ ಹೊಟ್ಟೆನೋವು ಎನ್ನುವ ಮಗುವನ್ನು ಗದರಬೇಡಿ. ಆ ಮಗುವಿಗೆ ಮೊದಲ ಎರಡು ಪ್ರಶ್ನೆ ಖಂಡಿತ ಬರುವಂಥವು ಇರಲಿ, ಸಮಯವೂ ಸ್ವಲ್ಪ ಜಾಸ್ತಿ ಕೊಡಿ.

ಮನೆಯವರಿಗೆ

‘ನಂಗೂ ಗಣಿತ ಬರ್ತಿರ್ಲಿಲ್ಲ, ಇವನಿಗೂ ಅದೇ’ ಎಂಬ ಮಾತು ಮಗುವಿನ ಮುಂದೆ ಬೇಡ. ಸಮಾಧಾನಕ್ಕೆ ಹೇಳಿದ್ದಾದರೂ, ಪ್ರಯತ್ನ ಬಿಡಬಹುದು ಎಂದೇ ಅದಕ್ಕೆ ಕೇಳಿಸುತ್ತದೆ. ನಿಮಗೆ ಹತ್ತನೇ ತರಗತಿಯ ಲೆಕ್ಕ ಬಾರದಿದ್ದರೂ ಪರವಾಗಿಲ್ಲ. ಇವತ್ತು ಮಾಡಿದ ಒಂದು ಲೆಕ್ಕವನ್ನು ನನಗೆ ಹೇಳಿಕೊಡು ಎಂದು ಕೂರಿಸಿಕೊಳ್ಳಿ. ಅರ್ಥವಾಗದ ಕಡೆ ನಿಜವಾಗಿಯೂ ‘ಇದು ಯಾಕೆ?’ ಎಂದು ಕೇಳಿ. ಡೇರಿಯ ಹಾಲಿನ ಚೀಟಿಯಲ್ಲಿ ಫ್ಯಾಟ್ ಶೇ 4 ಎಂದಿದ್ದರೆ 5 ಕಿಲೋ ಹಾಲಿನಲ್ಲಿ ಕೊಬ್ಬು ಎಷ್ಟು ಗ್ರಾಂ ಎಂದು ಅವರಿಂದಲೇ ಲೆಕ್ಕ ಹಾಕಿಸಿ. 200 ಗ್ರಾಂ ಎಂದು ಬಂದ ಮೇಲೆ, ಈ ತಿಂಗಳ ಬಟವಾಡೆ ಸರಿಯಿದೆಯಾ ನೋಡುವ ಕೆಲಸವನ್ನೂ ಅವರಿಗೇ ಒಪ್ಪಿಸಿ.